ಎರಡು ಬೆರಳಿನ ಅಂತರ

ಇಸ್ತ್ರಿಪೆಟ್ಟಿಗೆಯ ಮೇಲಿನ, ಬಿಸಿ ಏರಿಸಿ ಇಳಿಸುವ ತಿರುಗಣೆಯನ್ನು ನಂಬಿದವನು ಬಟ್ಟೆ ಸುಡುತ್ತಾನೆ. ಇದು ಅತ್ತೆಯ ಮಾತು. ನಲವತ್ತು ವರ್ಷ ಲಾಂಡ್ರಿಯಲ್ಲಿ ನಿಂತ ಕಾಲಿನ ಮೇಲೆ ದುಡಿದ ಹೆಂಗಸು, ಬಾಯಿಗೆ ಬಂದದ್ದನ್ನೆಲ್ಲ ಆಡುವವಳಲ್ಲ. ಕೈಯನ್ನೂ ನಂಬಬಾರದಂತೆ. ಇಸ್ತ್ರಿ ಮಾಡುವವರ ಕೈ ಹತ್ತು ವರ್ಷಕ್ಕೆಲ್ಲ ಚಪ್ಪಲಿಯ ಅಟ್ಟೆಯಾಗಿರುತ್ತದೆ, ಅದಕ್ಕೆ ಬಿಸಿಯೂ ಒಂದೇ, ತಣ್ಣಗಿನದೂ ಒಂದೇ. ನಂಬಬೇಕಾದ್ದು ಕೆನ್ನೆಯನ್ನು. ಪೆಟ್ಟಿಗೆಯನ್ನು ಎತ್ತಿ ಕೆನ್ನೆಯಿಂದ ಎರಡು ಬೆರಳಿನಷ್ಟು ದೂರದಲ್ಲಿ ಹಿಡಿ. ಹಿತವಾಗಿದ್ದರೆ ರೇಷ್ಮೆಗೆ. ಚುರುಗುಟ್ಟಿದರೆ ಹತ್ತಿಗೆ. ಮುಖ ತಾನಾಗಿ ಹಿಂದಕ್ಕೆ ಸರಿದರೆ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಎರಡು ಗುಟುಕು ನೀರು ಕುಡಿದು ಬಾ.

"ಕೈ ಸುಳ್ಳು ಹೇಳುತ್ತೆ ಕಣೆ, ಕೆನ್ನೆ ಹೇಳಲ್ಲ" ಎಂದು ಅತ್ತೆ ಸೊಸೆಗೆ ಮೊದಲ ವಾರವೇ ಕಲಿಸಿದ್ದಳು. ಅದಾಗಿ ಹನ್ನೊಂದು ವರ್ಷ. ಸೊಸೆಗೆ ಈಗ ಪೆಟ್ಟಿಗೆ ಎತ್ತಿದ್ದೂ ಗೊತ್ತಾಗುವುದಿಲ್ಲ, ಕೆನ್ನೆಗೆ ಹಿಡಿದದ್ದೂ ಗೊತ್ತಾಗುವುದಿಲ್ಲ. ಉಗುಳು ನುಂಗಿದ್ದನ್ನು ಯಾರಾದರೂ ಲೆಕ್ಕ ಇಡುತ್ತಾರೆಯೇ?

ಅಂಗಡಿ ಉದ್ದನೆಯ ಒಂದೇ ಕೋಣೆ. ಕಿಟಕಿಯ ಪಕ್ಕ ಅತ್ತೆಯ ಮೇಜು, ಗೋಡೆಯ ಪಕ್ಕ ಸೊಸೆಯದು. ಮುಂದೆ ಗಲ್ಲಾಪೆಟ್ಟಿಗೆಯ ಹತ್ತಿರ ಗಂಡ ಕೂತು ಬಟ್ಟೆ ತೆಗೆದುಕೊಳ್ಳುತ್ತಾನೆ, ಕಾಲರಿನ ಒಳಗೆ ನಂಬರಿನ ಚೀಟಿ ಚುಚ್ಚುತ್ತಾನೆ, ಬಂದವರ ಜೊತೆ ಹರಟುತ್ತಾನೆ. ಸೊಸೆಯ ಮೇಜಿನ ಕೆಳಗೆ ಹಾಸಿಗೆ ಹೊದಿಕೆಗಳ ಗುಡ್ಡೆ. ಆ ಗುಡ್ಡೆ ಆರು ವರ್ಷದ ಮಗಳ ಸಾಮ್ರಾಜ್ಯ. ಅಂಬೆಗಾಲಿಡುತ್ತಿದ್ದಾಗ ಯಾರದೋ ಅಂಗಿಯ ಗುಂಡಿ ನುಂಗಿ ಎಲ್ಲರನ್ನೂ ಎರಡು ದಿನ ಕಾಯಿಸಿದ್ದರಿಂದ ಅವಳ ಹೆಸರು ಗುಂಡಿ ಎಂದೇ ನಿಂತುಹೋಯಿತು.

ಕಾಯಿಲೆ ಬಂದದ್ದು ಕಳ್ಳನ ಹಾಗೆ. ಮೊದಲು ಸೊಸೆಯ ಕೈ ನಡುಗಿತು. ಎದೆ ಢವಢವ ಎಂದಿತು. ಎಷ್ಟು ತಿಂದರೂ ಕಡ್ಡಿಯಾದಳು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕುಣಿಯುತ್ತಿದೆ ಎಂದರು ಡಾಕ್ಟರು, ಮಾತ್ರೆ ಕೊಟ್ಟರು. ನಡುಕ ನಿಂತಿತು, ಎದೆಬಡಿತ ಹದಕ್ಕೆ ಬಂತು, ಸದ್ಯ ಗೆದ್ದೆವು ಎಂದು ಎಲ್ಲರೂ ಉಸಿರು ಬಿಟ್ಟರು. ಆಗ ಕಣ್ಣುಗಳು ಹೊರಗೆ ಬರತೊಡಗಿದವು. ತಿಂಗಳಿಂದ ತಿಂಗಳಿಗೆ, ಸದ್ದಿಲ್ಲದೆ, ರೆಪ್ಪೆಗಳನ್ನು ಮೇಲಕ್ಕೂ ಕೆಳಕ್ಕೂ ತಳ್ಳಿಕೊಂಡು.

ಊರವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? "ಒಂದು ದಿನ ತಡವಾಗಿ ಬಂದಿದ್ದಕ್ಕೆ ಹೀಗಾ ದುರುಗುಟ್ಟಿ ನೋಡೋದು ತಾಯಿ?" ಎಂದು ಇಸ್ತ್ರಿಗೆ ಕೊಟ್ಟ ಕೋಟು ಒಯ್ಯಲು ಬಂದ ಒಬ್ಬ ಮುದುಕ ನಕ್ಕ. ಎದುರು ಅಂಗಡಿಯವಳು ನಗಲೂ ಇಲ್ಲ, ಮಾತಾಡಿಸುವಾಗ ಇವಳ ಕಿವಿಯನ್ನೇ ನೋಡಿ ಮಾತಾಡತೊಡಗಿದಳು. ಸೊಸೆ ಇದನ್ನೆಲ್ಲ ನುಂಗಿಕೊಂಡಳು. ನುಂಗಲಾಗದ್ದು ಬೇರೆ ಇತ್ತು.

ಅದು ಒಂದು ಭಾನುವಾರದ ಮಧ್ಯಾಹ್ನ. ಊಟ ಮುಗಿಸಿ ಅವಳು ಮಂಚದ ಮೇಲೆ ಹಾಗೇ ಅಡ್ಡಾಗಿದ್ದಳು. ಕಣ್ಣುಗಳು ಎಷ್ಟು ಉಬ್ಬಿದ್ದವೆಂದರೆ ನಿದ್ದೆಯಲ್ಲಿ ರೆಪ್ಪೆ ಕೂಡುತ್ತಿರಲಿಲ್ಲ, ಪಾಪ ಅವಳಿಗೇ ಅದು ಗೊತ್ತಿರಲಿಲ್ಲ. ಗುಂಡಿ ಬಂದು ಪಕ್ಕದಲ್ಲಿ ಕೂತು ಒಂದು ಕಥೆ ಹೇಳಿದಳು. ಅಮ್ಮ ನೋಡುತ್ತಲೇ ಇದ್ದಾಳೆ, ಹ್ಞೂಂ ಅನ್ನುವುದಿಲ್ಲ. ಮೈ ಅಲುಗಿಸಿದಳು. ನೋಡುತ್ತಲೇ ಇದ್ದಾಳೆ. ಆಮೇಲೆ ಮಗು ಕಿರುಚಿದ್ದು ಬೀದಿಯ ತುದಿಗೆ ಕೇಳಿಸಿತಂತೆ. ಅವತ್ತಿನಿಂದ ಗುಂಡಿ ಅಮ್ಮನ ಮುಖ ನೋಡಲಿಲ್ಲ. ಬೆನ್ನಿಗೆ ಅಂಟಿಕೊಂಡು ಮಲಗುವಳು, ಸೆರಗು ಹಿಡಿದು ಓಡಾಡುವಳು, ಮುಖ ಮಾತ್ರ ಬೇಡ. ಅಮ್ಮ ಬಗ್ಗಿದರೆ ಕೈ ಅಡ್ಡ ಇಡುವಳು. ಕಪ್ಪು ಕನ್ನಡಕ ಹಾಕಿ ನೋಡಿದ್ದಾಯಿತು. ಅದರ ಹಿಂದೆ ಕಣ್ಣು ಇನ್ನೂ ದೊಡ್ಡದಾಗಿದೆ ಎಂದು ಮಗು ನಂಬಿತು. ಕೊನೆಗೆ ಸೊಸೆ ಮಲಗುವ ಮುಂಚೆ ರೆಪ್ಪೆಗಳಿಗೆ ಪಟ್ಟಿ ಅಂಟಿಸಿಕೊಳ್ಳುವುದನ್ನು ಕಲಿತಳು. ಆದರೆ ಹೋದದ್ದು ವಾಪಸು ಬರಲಿಲ್ಲ. ಹೀಗೆ ಒಂದೂವರೆ ವರ್ಷ ಕಳೆಯಿತು.

ಕಣ್ಣಿನ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. "ಕಣ್ಣಿನ ಹಿಂದೆ ಮಾಂಸ, ಕೊಬ್ಬು ಎಲ್ಲ ಊದಿಕೊಂಡಿದೆ. ಸುತ್ತ ಇರೋದು ಮೂಳೆ, ಅದು ಹಿಗ್ಗಲ್ಲ. ಜಾಗ ಇಲ್ಲದೆ ಕಣ್ಣು ಮುಂದಕ್ಕೆ ಬಂದಿದೆ. ನಾವು ಒಳಗಿನ ಮೂಳೆ ಗೋಡೆ ಸ್ವಲ್ಪ ತೆಗೆದು ಜಾಗ ಮಾಡಿಕೊಡ್ತೀವಿ, ಕಣ್ಣು ಹಿಂದಕ್ಕೆ ಕೂರುತ್ತೆ."

"ತೆಗೆದ ಗೋಡೆ ಮತ್ತೆ ಕಟ್ತೀರಾ?" ಎಂದಳು ಅತ್ತೆ.

"ಇಲ್ಲಮ್ಮ, ಹಾಗೇ ಬಿಡ್ತೀವಿ."

"ಶಿವನೇ" ಎಂದು ಅತ್ತೆ ಸೊಸೆಯ ಮುಖ ನೋಡಿದಳು.

ಬಲಗಣ್ಣು ಹೆಚ್ಚು ಕೆಟ್ಟಿದೆ, ಮೊದಲು ಅದು, ಆಮೇಲೆ ಎಡದ್ದು ನೋಡೋಣ ಎಂದರು ಡಾಕ್ಟರಮ್ಮ. ಆಮೇಲೆ ಏನೇನು ಆಗಬಹುದು ಎಂದು ಒಂದೊಂದಾಗಿ ಹೇಳಿದರು. ವಸ್ತು ಎರಡೆರಡಾಗಿ ಕಾಣಬಹುದು. ಕಣ್ಣಿನ ಕೆಳಗೆ ಒಂದು ನರ ಹೋಗುತ್ತೆ, ಅದಕ್ಕೆ ಪೆಟ್ಟಾದರೆ ಆ ಕಡೆಯ ಕೆನ್ನೆ, ಮೇಲ್ತುಟಿ, ಮೇಲಿನ ಹಲ್ಲು ಮರಗಟ್ಟಿದ ಹಾಗೆ ಆಗಬಹುದು. ಸುಮಾರು ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಪೂರ್ತಿ ಹೋಗಲ್ಲ. ಏನು ಕೆಲಸ ಮಾಡ್ತೀರಿ ಎಂದೂ ಕೇಳಿದರು. "ಲಾಂಡ್ರಿ" ಎಂದ ಗಂಡ. ಅವರು ಬರೆದುಕೊಂಡರು. ಡಾಕ್ಟರಿಗೆ ಇಸ್ತ್ರಿಯವರ ಗುಟ್ಟು ಹೇಗೆ ಗೊತ್ತಿರಬೇಕು? ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಕೆನ್ನೆಯಿಂದಲೇ ಅನ್ನ ತಿನ್ನುವ ಇಬ್ಬರು ಹೆಂಗಸರು ಅಲ್ಲೇ ಕೂತಿದ್ದರಲ್ಲ! ಕೆನ್ನೆ ಅನ್ನುವ ಮಾತು ಇಬ್ಬರ ಕಿವಿಗೂ ಬಿತ್ತು, ಇಬ್ಬರ ತಲೆಗೂ ಹೋಗಲಿಲ್ಲ. ಮೈಗೂಡಿದ ಅಭ್ಯಾಸ ಹಾಗೆ, ಬೇಕಾದಾಗ ನೆನಪಿಗೆ ಬರುವುದಿಲ್ಲ.

ಸೊಸೆ ಕೇಳಿದ್ದು ಒಂದೇ ಪ್ರಶ್ನೆ. "ಮಗಳು ನನ್ನ ಮುಖ ನೋಡ್ತಾಳಾ ಮೇಡಂ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದನ್ನ ನಾನು ಹೇಗೆ ಹೇಳಲಿ?"

ಸೊಸೆ ಸಹಿ ಮಾಡಿದಳು.

ಆಪರೇಷನ್ ಆಯಿತು. ಊತ ಇಳಿಯಲು ಮೂರು ವಾರ ಹಿಡಿಯಿತು. ಪಟ್ಟಿ ಬಿಚ್ಚಿ, ಬಾವು ಹೋಗಿ, ಕನ್ನಡಿಯಲ್ಲಿ ನೋಡಿಕೊಂಡರೆ ಬಲಗಣ್ಣು ಮನೆಗೆ ಹೋಗಿತ್ತು, ಎಡಗಣ್ಣು ಇನ್ನೂ ಬೀದಿಯಲ್ಲೇ ನಿಂತಿತ್ತು. ಬಲಕ್ಕೆ ನೋಡಿದರೆ ಮದುವೆಯ ಫೋಟೋದವಳು, ಎಡಕ್ಕೆ ನೋಡಿದರೆ ಬೇರೆ ಯಾರೋ. ನೇರ ನೋಡಿದರೆ ಎಲ್ಲ ಒಂದೇ ಕಾಣುತ್ತಿತ್ತು, ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ. ಬಾಗಿಲು ಎರಡು, ಗಂಡ ಇಬ್ಬರು. "ಒಬ್ಬನೇ ಸಾಕಾಗಿದ್ದ" ಎಂದಳು ಅತ್ತೆ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಅವಳ ಮೇಲ್ತುಟಿಯ ಬಲಭಾಗ ಎಲ್ಲಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಕೆನ್ನೆ ಮುಟ್ಟಿಕೊಂಡಳು. ಬೆರಳಿಗೆ ಕೆನ್ನೆ ಸಿಕ್ಕಿತು, ಕೆನ್ನೆಗೆ ಬೆರಳು ಸಿಗಲಿಲ್ಲ.

ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಆದದ್ದೇ ಬೇರೆ.

ಅವಳು ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಗುಂಡಿ ಬಾಗಿಲ ಹಿಂದಿನಿಂದ ಇಣುಕಿದಳು. ಗೋಡೆ ಹಿಡಿದುಕೊಂಡು ಬಲಗಡೆಯಿಂದಲೇ ಬಂದಳು, ನಿಂತಳು, ಒಂದೂವರೆ ವರ್ಷದ ಮೇಲೆ ಮೊದಲ ಬಾರಿ ಕೈ ಅಡ್ಡ ಇಡದೆ ನೋಡಿದಳು. ಸೊಸೆ ಕದಲಲಿಲ್ಲ, ಎದುರಿಗೆ ನೆಟ್ಟ ದೃಷ್ಟಿಯನ್ನು ತಿರುಗಿಸಲೂ ಇಲ್ಲ. ಮಗುವಿನ ಕೂದಲು ಅವಳ ಕಣ್ಣಿಗೆ ಅಡ್ಡ ಬಂತು, ಹೋಯಿತು. ಅಷ್ಟೇ.

"ಅಯ್ಯೋ ನೋಡೇ, ಮಗು ಮುತ್ತು ಕೊಡ್ತು!" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದಳು. ಗಂಡ ಓಡಿ ಬಂದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೊಸೆಗೆ ಆಗ ತಿಳಿಯಿತು, ಮುತ್ತು ಬಂದು ಹೋಯಿತು ಎಂದು.

"ಹೇಗಿತ್ತಮ್ಮ?" ಎಂದಳು ಗುಂಡಿ.

"ಚೆನ್ನಾಗಿತ್ತು ಕಣೆ" ಎಂದಳು ಸೊಸೆ.

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಮನೆ ಕಟ್ಟಿಕೊಡಲೇಬೇಕಲ್ಲ. ದಿನಾ ಸಂಜೆ ಗುಂಡಿ ಬಲಗಡೆಗೆ ಬಂದು ಕೊಡುವಳು, ಹೇಗಿತ್ತು ಎಂದು ಕೇಳುವಳು, ಇವಳು ಚೆನ್ನಾಗಿತ್ತು ಅನ್ನುವಳು. ಒಂದು ದಿನ ಎಡಗೆನ್ನೆ ತಿರುಗಿಸಿ ನೋಡಿದಳು. ಮಗು ಎರಡು ಹೆಜ್ಜೆ ಹಿಂದೆ ಹೋಯಿತು. "ಆ ಕಡೆ ಬೇಡ. ಆ ಕಡೆ ಅದು ಇದೆ." ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಅಳಬೇಕಿತ್ತು, ನಿಜ. ಅವಳಿಗೆ ಅಳು ಬರಲಿಲ್ಲ. ಸಂತೋಷವೂ ಬರಲಿಲ್ಲ. ಕೆನ್ನೆಗೆ ಹಿಡಿದ ಜೋಮು ನಿಧಾನಕ್ಕೆ ಒಳಗಡೆಗೂ ಇಳಿಯುತ್ತಿದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೂ ಏನೂ ಅನ್ನಿಸಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಒಂದು ಕೆಂಪು ಮುಚ್ಚಳ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ, ಬಣ್ಣ ಹೇಗಿದೆ ಎಂದು ಕೇಳಿದರು. ಬಲಗಣ್ಣಿಗೆ ಕೆಂಪು ಕೆಂಪಾಗಿತ್ತು. ಎಡಗಣ್ಣಿಗೆ ತುಂಬ ಸಲ ಒಗೆದ ಬಟ್ಟೆಯ ಹಾಗೆ ಮಾಸಿತ್ತು.

"ಊತ ದೃಷ್ಟಿಯ ನರವನ್ನ ಒತ್ತುತ್ತಿದೆ. ಎಡದ್ದೂ ಬೇಗ ಮಾಡಿಬಿಡೋಣ" ಎಂದು ತಾರೀಕು ಬರೆದರು.

"ಆ ಕಡೆ ಕೆನ್ನೆನೂ ಹೀಗೇ ಆಗುತ್ತಾ?" ಸೊಸೆ ಮೆಲ್ಲಗೆ ಕೇಳಿದಳು. ಗಂಡ ಆಗ ಔಷಧಿಯ ಸಾಲಿನಲ್ಲಿ ನಿಂತಿದ್ದ.

"ಆಗಬಹುದು, ಆಗದೇ ಇರಬಹುದು. ಆದರೂ ಸರಿಹೋಗಬಹುದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಮಾಡಿಸದೆ ಬಿಟ್ಟರೆ?"

"ದೃಷ್ಟಿ ಹೋಗುತ್ತೆ" ಎಂದರು ಡಾಕ್ಟರಮ್ಮ. ಅದನ್ನು ಮಾತ್ರ ಅವರು ನೆಟ್ಟಗೆ ಹೇಳಿದರು.

ತಾರೀಕಿಗೆ ಒಂಬತ್ತು ದಿನ ಇದೆ ಅನ್ನುವಾಗ ಸೊಸೆ ಮತ್ತೆ ಮೇಜಿಗೆ ನಿಂತಳು. ಅತ್ತೆ ಬೇಡ ಅಂದಳು. ಆದರೆ ಅತ್ತೆಯ ಸೊಂಟ ಹಿಡಿದುಕೊಂಡು ಎರಡು ವಾರವಾಗಿತ್ತು, ಬಟ್ಟೆ ಸೀಲಿಂಗಿನ ತನಕ ಬೆಳೆದಿತ್ತು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ ಅತ್ತೆ" ಎಂದು ಸೊಸೆ ಪೆಟ್ಟಿಗೆಯನ್ನು ಕಾಯಲು ಹಾಕಿದಳು. ಮೊದಲಿಗೆ ದಿಂಬಿನ ಗವಸುಗಳು, ಆಮೇಲೆ ಅಂಗಿಗಳು. ತೋಳು, ಬೆನ್ನು, ಮುಂಭಾಗ, ಕಡೆಗೆ ಕಾಲರು. ಕೈಗೆ ಎಲ್ಲ ನೆನಪಿತ್ತು. ಮೇಜಿನ ಕೆಳಗೆ ಗುಂಡಿ ಚೀಟಿಗಳನ್ನು ಜೋಡಿಸುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಅಂಗಿಗಳ ರಾಶಿ ಕರಗಿದ ಮೇಲೆ ಒಂದು ರೇಷ್ಮೆಯ ಮೇಲಂಗಿ ಬಂತು, ಬೂದು ಬಣ್ಣದ್ದು, ನೀರಿನ ಹಾಗೆ ಜಾರುವಂಥದ್ದು.

ಸೊಸೆ ತಿರುಗಣೆಯನ್ನು ಇಳಿಸಿದಳು, ಕಾದಳು. ಕೈ ಹಳೆಯ ಅಭ್ಯಾಸದಲ್ಲಿ ಪೆಟ್ಟಿಗೆಯನ್ನು ಬಲಗೆನ್ನೆಗೆ ಎತ್ತಿತು.

ಕೆನ್ನೆ ಏನೂ ಹೇಳಲಿಲ್ಲ. ಅಷ್ಟು ಬೇಗ ಆರಿಹೋಯಿತೇ ಎಂದುಕೊಂಡಳು. ಕಣ್ಣು ಹೊರಳಿಸಿ ನೋಡಿದರೆ ಪಕ್ಕದಲ್ಲಿ ಎರಡು ಪೆಟ್ಟಿಗೆ ಕಂಡವು, ಒಂದು ಹತ್ತಿರ, ಒಂದು ದೂರ. ಅವಳು ದೂರದ್ದನ್ನು ನಂಬಿದಳು. ಸ್ವಲ್ಪ ಹತ್ತಿರ ತಂದಳು. ಇಲ್ಲ. ಇನ್ನೂ ಸ್ವಲ್ಪ ತಂದಳು.

"ಏನೇ ಅದು ಸುಟ್ಟ ವಾಸನೆ?" ಎಂದಳು ಅತ್ತೆ.

ಲಾಂಡ್ರಿಯಲ್ಲಿ ಈ ಮಾತು ಬಂದರೆ ಎಲ್ಲರೂ ಮೊದಲು ನೋಡುವುದು ಬಟ್ಟೆಯನ್ನು. ಸೊಸೆ ಪೆಟ್ಟಿಗೆಯನ್ನು ಥಟ್ಟನೆ ನಿಲ್ಲಿಸಿಟ್ಟು ರೇಷ್ಮೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಕಲೆಯಿಲ್ಲ. ಅತ್ತೆ ತನ್ನ ಮೇಜಿನ ಕಂಬಳಿ ಮಗುಚಿ ನೋಡಿದಳು. ಗಂಡ ವೈರು ಮೂಸಿದ. "ನಂದಲ್ಲ ಅತ್ತೆ, ನೋಡಿ ಬೇಕಾದ್ರೆ" ಎಂದು ಸೊಸೆ ಮೇಲಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಕಡೆ ತಿರುಗಿದಳು. ಅತ್ತೆ ಮೇಲಂಗಿಯನ್ನು ನೋಡಲಿಲ್ಲ. ಸೊಸೆಯ ಮುಖವನ್ನು ನೋಡಿದಳು.

ಪೆಟ್ಟಿಗೆಯ ಮೂತಿ ಅಚ್ಚೊತ್ತಿದ ಹಾಗೆ ಬಲಗೆನ್ನೆಯ ಮೇಲೆ ಕೆಂಪಗೆ ಮೂಡಿತ್ತು.

ಮುಂದಿನದು ಗಡಿಬಿಡಿ. ತಣ್ಣೀರು, ಒದ್ದೆ ಬಟ್ಟೆ, ಗಂಡನ ಓಡಾಟ. ಮೂಲೆಯ ಔಷಧಿ ಅಂಗಡಿಯವನು ಬಂದು ಮುಲಾಮು ಹಚ್ಚಿದ. "ನೋವಿಗೆ ಮಾತ್ರೆ ಕೊಡ್ಲಾ?" ಎಂದ. "ಬೇಡ, ನೋವಿಲ್ಲ" ಎಂದಳು ಸೊಸೆ. "ಅಬ್ಬಾ, ಗಟ್ಟಿಗಿತ್ತಿ!" ಎಂದು ಹೊಗಳಿ ಹೋದ. ಗಂಡ ಅವನನ್ನು ಬಿಟ್ಟು ಬರಲು ಜೊತೆಗೆ ಹೋದ. ದಡ್ಡರಿಗೆ ಹೊಗಳಲು ಕಾರಣ ಬೇಕೇ.

ಅತ್ತೆ ದಡ್ಡಿಯಲ್ಲ. ಸ್ಟೂಲು ಎಳೆದುಕೊಂಡು ಸೊಸೆಯ ಎದುರು ಕೂತಳು. ಸುಟ್ಟದ್ದಕ್ಕಿಂತ ಕೆಳಗೆ, ಬಾಯಿಯ ಪಕ್ಕ, ಉಗುರು ಊರಿ ಚಿವುಟಿದಳು. ಸೊಸೆ ಸುಮ್ಮನೆ ಅತ್ತೆಯ ಮುಖ ನೋಡುತ್ತಿದ್ದಳು.

"ಚಿವುಟ್ತಾ ಇದ್ದೀನಿ ಕಣೆ" ಎಂದಳು ಅತ್ತೆ.

"ಹೌದಾ."

"ಯಾವತ್ತಿಂದ?"

"ಆಪರೇಷನ್ ಆದಾಗಿಂದ."

"ಯಾಕೆ ಬಾಯಿ ಬಿಡಲಿಲ್ಲ? ನಾನೇನು ಸತ್ತುಹೋಗಿದ್ನಾ? ಕೆನ್ನೆ ಇಲ್ಲದವಳನ್ನ ಪೆಟ್ಟಿಗೆ ಹತ್ತಿರ ಬಿಡ್ತಿದ್ನಾ ನಾನು?" ಅತ್ತೆಯ ದನಿ ಏರುತ್ತಾ ಹೋಗಿ ಒಂದು ಕಡೆ ಗಕ್ಕನೆ ನಿಂತಿತು. "ಮತ್ತೆ ಮಗು ದಿನಾ ಬಂದು..."

"ಗೊತ್ತಾಗಲ್ಲ ಅತ್ತೆ. ಒಂದೂ ಗೊತ್ತಾಗಿಲ್ಲ."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ಎದ್ದುಹೋಗಿ, ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಳು. ಸೊಸೆಗೆ ಅವಳನ್ನು ಕಂಡು ಅಯ್ಯೋ ಅನ್ನಿಸಬೇಕಿತ್ತು. ರೇಷ್ಮೆಯ ಮೇಲಂಗಿಗೆ ಇನ್ನೂ ಇಸ್ತ್ರಿಯಾಗಿಲ್ಲ ಎಂದಷ್ಟೇ ಅನ್ನಿಸಿತು.

ಮೇಜಿನ ಕೆಳಗಿನ ಹಾಡು ಯಾವಾಗಲೋ ನಿಂತಿತ್ತು. ಹೊದಿಕೆಗಳ ಗುಡ್ಡೆ ಅಲುಗಿತು, ಗುಂಡಿ ಹೊರಗೆ ಬಂದಳು. ಎಂದಿನಂತೆ ಬಲಗಡೆಗೇ ಬಂದು ನಿಂತು ಸುಟ್ಟ ಗಾಯವನ್ನು ನೋಡಿದಳು. ತುಟಿ ಸುತ್ತಿ ಊದಿದಳು.

"ಉರಿ ಹೋಯ್ತಾ?"

ಸೊಸೆಯ ಬಾಯಿಗೆ ಹಳೆಯ ಸುಳ್ಳು ಬಂತು. ಹೊರಗೆ ಬರಲಿಲ್ಲ. "ಉರೀನೇ ಇಲ್ಲ ಪುಟ್ಟಾ. ಅಲ್ಲಿ ನಂಗೇನೂ ಗೊತ್ತಾಗಲ್ಲ."

ಗುಂಡಿ ಒಂದು ಬೆರಳು ಚಾಚಿ ಗಾಯದ ಅಂಚಿನಿಂದ ದೂರದಲ್ಲಿ ಒತ್ತಿದಳು. "ಇಲ್ಲಿ?"

"ಇಲ್ಲ."

ತುಟಿಯ ಮೇಲೆ. "ಇಲ್ಲಿ?"

"ಇಲ್ಲ."

ಮೂಗಿನ ತುದಿ ದಾಟಿ ಬೆರಳು ಆ ಕಡೆಗೆ ಹೋಯಿತು. ಮಗು ಮಾತ್ರ ಈ ಕಡೆಯೇ ನಿಂತಿತ್ತು. "ಇಲ್ಲಿ?"

"ಹ್ಞಾಂ. ಅಲ್ಲಿ ಗೊತ್ತಾಗುತ್ತೆ."

ಗುಂಡಿ ಕೈ ಹಿಂದಕ್ಕೆ ತೆಗೆದುಕೊಂಡು ಯೋಚಿಸಿದಳು. ಹುಬ್ಬು ಗಂಟಾಯಿತು. "ಹಾಗಾದ್ರೆ ನಾನು ಇಷ್ಟು ದಿನ ಕೊಟ್ಟಿದ್ದೆಲ್ಲ?"

ಸೊಸೆ ಮಡಿಲಿನ ಒದ್ದೆ ಬಟ್ಟೆಯನ್ನು ಮಡಚಿದಳು.

"ಎಲ್ಲ ಸುಮ್ನೆ ಹೋಯ್ತಾ?"

ಕಿಟಕಿಯ ಹತ್ತಿರ ಅತ್ತೆಯ ಭುಜ ಅಲುಗುತ್ತಿತ್ತು. ಗುಂಡಿ ಅಜ್ಜಿಯನ್ನು ನೋಡಿದಳು, ಅಮ್ಮನ ಎಡಗಡೆಯನ್ನು ಒಮ್ಮೆ ಕಳ್ಳಗಣ್ಣಿನಿಂದ ನೋಡಿದಳು. ಆಮೇಲೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು, ಎಷ್ಟು ಗಟ್ಟಿಯಾಗಿ ಎಂದರೆ ಮೂಗೆಲ್ಲ ಸುಕ್ಕಾಯಿತು. ಅಮ್ಮನ ಮೊಣಕಾಲು ಹಿಡಿದು, ಮೇಜಿನ ಅಂಚು ತಡವಿ, ಸುತ್ತಿಕೊಂಡು ಎಡಗಡೆಗೆ ಬಂದಳು. ಒಮ್ಮೆ ಎಡವಿದಳು. ಸೊಸೆ ಕೈ ಕೊಡಲಿಲ್ಲ. ಉಸಿರಾಡಿದರೆ ಎಲ್ಲಿ ಮಗು ತಿರುಗಿ ಹೋಗುತ್ತದೋ ಎಂದು ಉಸಿರನ್ನೂ ಹಿಡಿದಿದ್ದಳು.

"ಅಮ್ಮ, ನೀನೂ ಕಣ್ಣು ಮುಚ್ಕೊ."

"ಮುಚ್ಕೊಂಡೆ" ಅಂದುಬಿಡಬಹುದಿತ್ತು. ಮಗುವಿಗೆ ಹೇಗೂ ಕಾಣುತ್ತಿರಲಿಲ್ಲ. "ಈ ಕಡೇದು ಮುಚ್ಚಲ್ಲ ಕಣೆ. ಮುಚ್ಚಕ್ಕಾಗಲ್ಲ" ಎಂದಳು.

ಗುಂಡಿಯ ಕೈ ಗಾಳಿಯಲ್ಲಿ ತಡಕಾಡುತ್ತಾ ಬಂದು ಅಮ್ಮನ ಕಿವಿಗೆ ತಾಗಿತು, ಹಣೆಗೆ ತಾಗಿತು, ಹುಬ್ಬಿನಿಂದ ಕೆಳಕ್ಕೆ ಜಾರಿ, ಒಂದೂವರೆ ವರ್ಷದಿಂದ ತಾನು ಹೆದರಿದ್ದ ಆ ಕಣ್ಣಿನ ಮೇಲೆ ಮೆತ್ತಗೆ ಕೂತಿತು. ಅಂಗೈ ಬೆಚ್ಚಗಿತ್ತು, ಸ್ವಲ್ಪ ಬೆವರಿತ್ತು. ಒಳಗೆ ಕತ್ತಲಾಯಿತು.

"ಈಗ ಮುಚ್ತು" ಎಂದು ಹೇಳಿ ಗುಂಡಿ ಮುತ್ತು ಕೊಟ್ಟಳು. ಮೂಗು ಮೊದಲು ಬಡಿಯಿತು, ಆಮೇಲೆ ತುಟಿ, ಕೆನ್ನೆಗೂ ಕಿವಿಗೂ ನಡುವೆ ಎಲ್ಲೋ. ಒದ್ದೆ ಗೊತ್ತಾಯಿತು. ಬಿಸಿ ಗೊತ್ತಾಯಿತು. ಮುಂದಿನ ಹಲ್ಲೊಂದು ಬಿದ್ದುಹೋಗಿದ್ದ ಜಾಗದಿಂದ ಬಂದ ಗಾಳಿಯೂ ಗೊತ್ತಾಯಿತು. ಸೊಸೆಯ ಗಂಟಲಿನಿಂದ ಅವಳಿಗೇ ಪರಿಚಯವಿಲ್ಲದ ಒಂದು ಸದ್ದು ಹೊರಟಿತು, ಕಿಟಕಿಯ ಹತ್ತಿರ ಅತ್ತೆ ತಿರುಗಿ ನೋಡಿದಳು.

"ನೋವಾಯ್ತಾ ಅಮ್ಮ?"

"ಹ್ಞೂಂ" ಎಂದಳು ಸೊಸೆ, ಅಳುತ್ತಾ. "ಇನ್ನೊಂದು ಕೊಡು."

ಗುಂಡಿ ಅಂಗೈಯನ್ನು ತೆಗೆಯದೆ ಇನ್ನೊಂದು ಕೊಟ್ಟಳು. ಆಪರೇಷನ್ನಿಗೆ ಇನ್ನೂ ಒಂಬತ್ತು ದಿನ ಇತ್ತು.